ಅಧಿಕಾರದಲ್ಲಿರುವವರ ಸಮಾಜವಿರೋಧಿ ಸ್ವಭಾವ: ಪದೇ ಪದೇ ಕೇಳುವ ಪ್ರಶ್ನೆಗಳು

ಯಾವುದೋ ನಾಯಕರ ದರ್ಪದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಓಡಾಡಿದಾಗಲೆಲ್ಲ "ಇವರು ಸೈಕೋಪಾತ್ ಇರಬೇಕು" ಅನ್ನುವ ಮಾತು ಬರುತ್ತದೆ. ಅದರ ಹಿಂದೆಯೇ ಒಂದಷ್ಟು ಪ್ರಶ್ನೆಗಳೂ ಬರುತ್ತವೆ. ಗೆಳೆಯರು, ಓದುಗರು ಹೆಚ್ಚಾಗಿ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ನಾಯಕರ ತಲೆಯೊಳಗೆ ಏನಿದೆ ಅನ್ನುವುದಕ್ಕಿಂತ, ಅವರಿಗೆ "ಆಗಲ್ಲ" ಅನ್ನುವವರು ಸುತ್ತಮುತ್ತ ಯಾರಿದ್ದಾರೆ ಅನ್ನುವುದು ದೊಡ್ಡ ಪ್ರಶ್ನೆ.

ಸಮಾಜವಿರೋಧಿ ಸ್ವಭಾವ ಅಂದರೆ ಜನರ ಜೊತೆ ಬೆರೆಯದೆ ಇರುವುದಾ?

ಅಲ್ಲ. ಒಬ್ಬರೇ ಇರಲು ಇಷ್ಟಪಡುವವರು, ಮದುವೆ ಮನೆಯಲ್ಲಿ ಮೂಲೆ ಹಿಡಿದು ಕೂರುವವರು, ಮಾತು ಕಡಿಮೆ ಇರುವವರು ಯಾರೂ ಇದಕ್ಕೆ ಸೇರುವುದಿಲ್ಲ. ಬೇರೆಯವರ ಹಕ್ಕು, ನೋವು, ಜೀವ ಯಾವುದನ್ನೂ ಲೆಕ್ಕಕ್ಕೇ ಇಡದ ನಡವಳಿಕೆಗೆ ಈ ಹೆಸರು. ಸಲೀಸಾಗಿ ಸುಳ್ಳು ಹೇಳುವುದು, ಮೋಸ ಮಾಡುವುದು, ಹಿಂದೆಮುಂದೆ ನೋಡದೆ ನುಗ್ಗುವುದು, ಕೈ ಮಾಡುವುದು, ಆಮೇಲೆ ಚೂರೂ ಪಶ್ಚಾತ್ತಾಪ ಪಡದಿರುವುದು. ಇಂಥವರಲ್ಲಿ ಎಷ್ಟೋ ಮಂದಿ ಒಳ್ಳೆಯ ಮಾತುಗಾರರು. ನಗುನಗುತ್ತಾ ಹೆಗಲ ಮೇಲೆ ಕೈ ಹಾಕುತ್ತಾರೆ.

ವೈದ್ಯರು ಇದನ್ನು ಕಾಯಿಲೆ ಅಂತ ಬರೆಯಬೇಕಾದರೆ ಕಟ್ಟುನಿಟ್ಟಾದ ಷರತ್ತುಗಳಿವೆ. ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ಪ್ರಕಾರ ಏಳು ಲಕ್ಷಣಗಳಲ್ಲಿ ಕನಿಷ್ಠ ಮೂರು ಇರಬೇಕು, ವಯಸ್ಸು 18 ದಾಟಿರಬೇಕು, 15ಕ್ಕಿಂತ ಮೊದಲೇ ಗಂಭೀರ ದುರ್ನಡತೆಯ ಸುಳಿವು ಸಿಕ್ಕಿರಬೇಕು. ಒಂದು ಭಾಷಣ ಕೇಳಿ, ಎರಡು ಕ್ಲಿಪ್ ನೋಡಿ ಇದನ್ನು ತೀರ್ಮಾನ ಮಾಡಲು ಬರುವುದಿಲ್ಲ.

ಸೈಕೋಪಾತ್ ಅನ್ನುವುದೂ ಇದೂ ಒಂದೇನಾ?

ಹತ್ತಿರದ ಸಂಬಂಧ ಇದೆ, ಪೂರ್ತಿ ಒಂದಲ್ಲ. ಡಿಎಸ್‌ಎಂ ಹೆಚ್ಚಾಗಿ ನಡವಳಿಕೆ ನೋಡುತ್ತದೆ. ಸೈಕೋಪತಿ ಅನ್ನುವಾಗ ಒಳಗಿನ ಭಾವನೆಯನ್ನೂ ನೋಡುತ್ತಾರೆ: ಬೇರೆಯವರ ಸಂಕಟ ಮನಸ್ಸಿಗೆ ತಟ್ಟದೇ ಇರುವುದು, ಮೇಲ್ಮೇಲಿನ ಆಕರ್ಷಣೆ, ಎಲ್ಲರೂ ತನ್ನ ಕೆಲಸಕ್ಕೆ ಇರುವ ಸಾಮಾನು ಅನ್ನುವ ಧೋರಣೆ. 1941ರಲ್ಲಿ ಅಮೆರಿಕದ ಮನೋವೈದ್ಯ ಹಾರ್ವೆ ಕ್ಲೆಕ್ಲಿ ಇದರ ಚಿತ್ರ ಬರೆದರು. ಹೊರಗಿನಿಂದ ಎಲ್ಲವೂ ಸರಿಯಾಗಿಯೇ ಕಾಣುತ್ತದೆ ಅನ್ನುವುದೇ ಅವರನ್ನು ಕಾಡಿದ ಸಂಗತಿ. ಆಮೇಲೆ ಕೆನಡಾದ ರಾಬರ್ಟ್ ಹೇರ್ ಇದನ್ನು ಅಳೆಯಲು 20 ಅಂಶಗಳ ಪಟ್ಟಿ ಮಾಡಿದರು. ಒಂದೊಂದಕ್ಕೆ ಸೊನ್ನೆ, ಒಂದು ಅಥವಾ ಎರಡು ಅಂಕ, ಒಟ್ಟು 40. ಉತ್ತರ ಅಮೆರಿಕದಲ್ಲಿ ಸಾಮಾನ್ಯವಾಗಿ 30 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸೈಕೋಪತಿ ಅನ್ನುತ್ತಾರೆ. ತರಬೇತಿ ಪಡೆದವರು ಎದುರಿಗೆ ಕೂತು ಮಾತಾಡಿಸಿ, ಹಳೇ ದಾಖಲೆ ಓದಿ ಅಂಕ ಕೊಡಬೇಕು.

ರಾಜಕೀಯದ ಚರ್ಚೆಗೆ ಇನ್ನೊಂದು ಚೌಕಟ್ಟು ಜಾಸ್ತಿ ಉಪಯೋಗಕ್ಕೆ ಬರುತ್ತದೆ. 2002ರಲ್ಲಿ ಡೆಲ್ರಾಯ್ ಪೌಲ್ಹಸ್ ಮತ್ತು ಕೆವಿನ್ ವಿಲಿಯಮ್ಸ್ ಮೂರು ಗುಣಗಳನ್ನು ಒಟ್ಟಿಗೆ ಇಟ್ಟು 'ಡಾರ್ಕ್ ಟ್ರಯಾಡ್' ಅಂತ ಕರೆದರು. ಒಂದು ಸ್ವಮೋಹ, ಇನ್ನೊಂದು ಲೆಕ್ಕಾಚಾರದ ಕುಟಿಲತನ, ಮೂರನೆಯದು ಸೈಕೋಪತಿ. ಇವು ನಮ್ಮೆಲ್ಲರಲ್ಲೂ ಹೆಚ್ಚುಕಮ್ಮಿ ಇರುತ್ತವೆ. ಇದೆ ಅಥವಾ ಇಲ್ಲ ಅನ್ನುವ ಲೆಕ್ಕಕ್ಕಿಂತ ಎಷ್ಟಿದೆ ಅನ್ನುವುದು ಮುಖ್ಯ.

ರಾಜಕಾರಣಿಗಳಲ್ಲಿ ಇಂಥವರು ಜಾಸ್ತಿ ಅಂತಾರೆ. ನಿಜವಾ?

ಸಾಮಾನ್ಯ ಜನರಲ್ಲಿ ಸೈಕೋಪತಿ ಸುಮಾರು 1% ಇರಬಹುದು ಅಂತ ಹೇರ್ ಅವರ ಅಂದಾಜು. ಜೈಲುಗಳಲ್ಲಿ ಇದು ಹಲವು ಪಟ್ಟು ಜಾಸ್ತಿ. ಶಾಸಕರನ್ನು, ಸಂಸದರನ್ನು, ಮಂತ್ರಿಗಳನ್ನು ಸಾಲಾಗಿ ಕೂರಿಸಿ ಈ ಪರೀಕ್ಷೆ ಮಾಡಿ ಶೇಕಡಾವಾರು ತೆಗೆಯುವ ಕೆಲಸ ನಡೆದಿಲ್ಲ. ಅವರು ಒಪ್ಪುವುದೂ ಇಲ್ಲ ಬಿಡಿ.

ಹತ್ತಿರದ ಒಂದು ಸುಳಿವು ಕಂಪನಿಗಳಿಂದ ಸಿಗುತ್ತದೆ. 2010ರಲ್ಲಿ ಪಾಲ್ ಬಾಬಿಯಾಕ್, ಹೇರ್ ಮತ್ತು ಜೊತೆಗಾರರು ಬಡ್ತಿಯ ದಾರಿಯಲ್ಲಿದ್ದ 203 ಮ್ಯಾನೇಜರುಗಳನ್ನು ಅಳೆದರು. ಸುಮಾರು 4% ಮಂದಿ ಆ 30ರ ಗೆರೆ ದಾಟಿದ್ದರು. ಜನಸಾಮಾನ್ಯರಿಗಿಂತ ಜಾಸ್ತಿ ಹೌದು. ಆದರೆ ಅದು ಕೆಲವೇ ಕಂಪನಿಗಳಿಂದ ಆರಿಸಿದ ಗುಂಪು. ಹಾಗಾಗಿ "ಬಾಸ್‌ಗಳಲ್ಲಿ ಇಷ್ಟು ಪರ್ಸೆಂಟ್ ಸೈಕೋಪಾತ್" ಅಂತ ಲೋಕಕ್ಕೆಲ್ಲ ಹೇಳಲು ಅದು ಸಾಲುವುದಿಲ್ಲ.

ಇನ್ನೊಂದು ಸುದ್ದಿ ಆಗಾಗ ಫಾರ್ವರ್ಡ್ ಆಗಿ ಬರುತ್ತದೆ: ಅಮೆರಿಕದಲ್ಲಿ ಅತಿ ಹೆಚ್ಚು ಸೈಕೋಪಾತ್‌ಗಳಿರುವುದು ರಾಜಧಾನಿ ವಾಷಿಂಗ್ಟನ್ ಡಿಸಿಯಲ್ಲಿ, ಹಾಗಾಗಿ ರಾಜಕಾರಣಿಗಳೆಲ್ಲ ಅಂಥವರೇ ಅಂತ. ಇದರ ಮೂಲ 2018ರಲ್ಲಿ ರಯಾನ್ ಮರ್ಫಿ ಎಂಬ ಅರ್ಥಶಾಸ್ತ್ರಜ್ಞ ಬರೆದ ಲೇಖನ. ಅವರು ಯಾವ ರಾಜಕಾರಣಿಯನ್ನೂ ಪರೀಕ್ಷೆ ಮಾಡಿರಲಿಲ್ಲ. ಬೇರೆ ಬೇರೆ ರಾಜ್ಯಗಳ ಜನರ ವ್ಯಕ್ತಿತ್ವದ ಹಳೇ ಅಂಕಿಅಂಶ ತಗೊಂಡು ಅದರಿಂದ ಅಂದಾಜು ಕಟ್ಟಿದ್ದರು. ಡಿಸಿ ಅನ್ನುವುದು ಇಡೀ ಒಂದು ನಗರ. ಅಲ್ಲಿ ಬಸ್ ಓಡಿಸುವವರು, ನರ್ಸ್‌ಗಳು, ಮೇಷ್ಟ್ರುಗಳು ಎಲ್ಲರೂ ಇದ್ದಾರೆ. ದಯವಿಟ್ಟು ಆ ಫಾರ್ವರ್ಡ್ ಮುಂದೆ ಕಳಿಸಬೇಡಿ.

ಟಿವಿಯಲ್ಲಿ ನೋಡಿ ಒಬ್ಬ ಡಾಕ್ಟರ್ ಹೇಳಿದರೆ ನಂಬಬಹುದಲ್ವಾ?

ಇದಕ್ಕೆ ಒಂದು ದೊಡ್ಡ ಪಾಠದ ಕಥೆ ಇದೆ. 1964ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಬ್ಯಾರಿ ಗೋಲ್ಡ್‌ವಾಟರ್ ನಿಂತಿದ್ದರು. 'ಫ್ಯಾಕ್ಟ್' ಅನ್ನುವ ಪತ್ರಿಕೆ 12,356 ಮನೋವೈದ್ಯರಿಗೆ ಪತ್ರ ಬರೆದು, ಇವರು ಮಾನಸಿಕವಾಗಿ ಅಧ್ಯಕ್ಷರಾಗಲು ಯೋಗ್ಯರಾ ಅಂತ ಕೇಳಿತು. ಉತ್ತರ ಕೊಟ್ಟವರು 2,417 ಮಂದಿ. ಅವರಲ್ಲಿ 1,189 ಜನ ಯೋಗ್ಯರಲ್ಲ ಅಂದರು. ಗೋಲ್ಡ್‌ವಾಟರ್ ಇವರ ಕ್ಲಿನಿಕ್ಕಿಗೆ ಬಂದಿದ್ದವರಲ್ಲ, ಪತ್ರಿಕೆಯಲ್ಲಿ ಓದಿ ಹೇಳಿದ್ದು ಅಷ್ಟೆ. ಗೋಲ್ಡ್‌ವಾಟರ್ ಚುನಾವಣೆ ಸೋತರು, ಆದರೆ ಕೇಸು ಹಾಕಿ ಗೆದ್ದರು. ಪತ್ರಿಕೆಯವರು 75,000 ಡಾಲರ್ ದಂಡ ಕಟ್ಟಬೇಕಾಯಿತು.

ಈ ಮುಜುಗರದ ನಂತರ 1973ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಒಂದು ನಿಯಮ ತಂದಿತು. ಖುದ್ದು ಪರೀಕ್ಷೆ ಮಾಡದೆ, ಆ ವ್ಯಕ್ತಿಯ ಒಪ್ಪಿಗೆ ಇಲ್ಲದೆ, ಸಾರ್ವಜನಿಕ ವ್ಯಕ್ತಿಯ ಮಾನಸಿಕ ಸ್ಥಿತಿ ಬಗ್ಗೆ ವೈದ್ಯರಾಗಿ ಅಭಿಪ್ರಾಯ ಕೊಡಬಾರದು. ಜನ ಇದನ್ನು ಗೋಲ್ಡ್‌ವಾಟರ್ ನಿಯಮ ಅಂತಲೇ ಕರೆಯುತ್ತಾರೆ. ಇದನ್ನು ಸಡಿಲಿಸಬೇಕು ಅನ್ನುವ ವೈದ್ಯರೂ ಇದ್ದಾರೆ. ಅಪಾಯ ಕಂಡಾಗ ಬಾಯಿ ಮುಚ್ಚಿಕೊಂಡಿರುವುದು ಸರೀನಾ ಅನ್ನುವುದು ಅವರ ವಾದ. ಆ ವಾದದಲ್ಲಿ ಹುರುಳಿದೆ. ಆದರೂ ನಾನು ನಿಯಮದ ಪರ. ಯಾಕೆ ಅಂತ ಮುಂದೆ ಸೋವಿಯತ್ ಮಾನಸಿಕ ಆಸ್ಪತ್ರೆಗಳ ವಿಷಯ ಬಂದಾಗ ಹೇಳುತ್ತೇನೆ.

ಹಾಗಾದರೆ ದೂರದಿಂದ ಯಾರನ್ನೂ ಅಂದಾಜು ಮಾಡಲೇಬಾರದಾ?

ಸರ್ಕಾರಗಳು ಮಾಡುತ್ತವೆ. ಅಮೆರಿಕದ ಸಿಐಎಯಲ್ಲಿ ಜೆರಾಲ್ಡ್ ಪೋಸ್ಟ್ ಎಂಬ ಮನೋವೈದ್ಯರು ಇದಕ್ಕಾಗಿಯೇ ಒಂದು ಘಟಕ ಕಟ್ಟಿದ್ದರು. 1978ರಲ್ಲಿ ಕ್ಯಾಂಪ್ ಡೇವಿಡ್ ಮಾತುಕತೆಗೆ ಮೊದಲು ಈಜಿಪ್ಟಿನ ಸಾದತ್ ಮತ್ತು ಇಸ್ರೇಲಿನ ಬೆಗಿನ್ ಹೇಗೆ ಯೋಚಿಸುತ್ತಾರೆ ಅಂತ ಅಧ್ಯಕ್ಷ ಕಾರ್ಟರ್‌ಗೆ ಬರೆದುಕೊಟ್ಟಿದ್ದು ಅವರ ತಂಡವೇ.

1990ರಲ್ಲಿ ಇರಾಕಿನ ಅಧ್ಯಕ್ಷ ಸದ್ದಾಂ ಹುಸೇನ್ ಕುವೈತಿಗೆ ನುಗ್ಗಿದಾಗ ಎಲ್ಲರೂ ಅವನನ್ನು ಹುಚ್ಚ ಅನ್ನುತ್ತಿದ್ದರು. ಅಮೆರಿಕದ ಸಂಸತ್ತಿನ ಸಮಿತಿ ಮುಂದೆ ಪೋಸ್ಟ್ ಬೇರೆಯೇ ಹೇಳಿದರು. ಈತ ಹುಚ್ಚನಲ್ಲ, ಲೆಕ್ಕ ಹಾಕಿ ಹೆಜ್ಜೆ ಇಡುವವನು, ಆದರೆ ಅತಿಯಾದ ಸ್ವಮೋಹ, ಸಂಶಯ, ಅಂತಃಸಾಕ್ಷಿಯ ಕೊರತೆ ಮತ್ತು ಕ್ರೌರ್ಯ ಒಟ್ಟಿಗೆ ಸೇರಿದ ಮನುಷ್ಯ ಅಂತ.

ಅವರು ಯಾಕೆ ಹಾಗೆ ಹೇಳಿದರು ಅನ್ನುವುದು ಒಂದು ಹಳೇ ಫಿಲ್ಮ್ ನೋಡಿದರೆ ಅರ್ಥವಾಗುತ್ತದೆ. 1979ರ ಜುಲೈ 22. ಸದ್ದಾಂ ಅಧ್ಯಕ್ಷನಾಗಿ ಇನ್ನೂ ಒಂದು ವಾರ ಆಗಿರಲಿಲ್ಲ. ಬಾಗ್ದಾದಿನ ಒಂದು ಸಭಾಂಗಣದಲ್ಲಿ ಆಳುತ್ತಿದ್ದ ಬಾತ್ ಪಕ್ಷದ ಮುಖಂಡರೆಲ್ಲ ಸೇರಿದ್ದಾರೆ. ಪಿತೂರಿ ನಡೆದಿದೆ ಅಂತ ಹೇಳಿ, ಒಬ್ಬೊಬ್ಬರ ಹೆಸರು ಓದಿ, ಎದ್ದು ಹೊರಗೆ ಹೋಗಲು ಹೇಳುತ್ತಾರೆ. ಸದ್ದಾಂ ಸಿಗಾರ್ ಸೇದುತ್ತಾ ಕೂತಿದ್ದಾನೆ. ನಡುವೆ ಕರ್ಚೀಫು ತೆಗೆದು ಕಣ್ಣೊರೆಸಿಕೊಳ್ಳುತ್ತಾನೆ. ಇನ್ನೂ ಹೆಸರು ಬಾರದವರು ಭಯಕ್ಕೆ ಎದ್ದು ನಿಂತು ಜೈಕಾರ ಕೂಗುತ್ತಾರೆ. ಒಟ್ಟು 68 ಜನರನ್ನು ಹೊರಗೆ ಕರೆದುಕೊಂಡು ಹೋದರು. 22 ಮಂದಿಗೆ ಮರಣದಂಡನೆ ಆಯಿತು. ಗುಂಡು ಹಾರಿಸುವ ಕೆಲಸಕ್ಕೆ ಉಳಿದ ಪಕ್ಷದ ಮುಖಂಡರನ್ನೇ ನಿಲ್ಲಿಸಿದರು. ಇದನ್ನೆಲ್ಲ ಕ್ಯಾಮೆರಾದಲ್ಲಿ ಹಿಡಿಸಿದ್ದು ಸದ್ದಾಂನೇ, ಹಂಚಿಸಿದ್ದೂ ಅವನೇ.

ನನ್ನನ್ನು ಅಲ್ಲಾಡಿಸಿದ್ದು ಅವನ ಕಣ್ಣೀರಿಗಿಂತ ಆ ಕೊನೆಯ ಲೆಕ್ಕಾಚಾರ. ಗುಂಡು ಹಾರಿಸಿದವರು ಇನ್ನು ಮುಂದೆ "ನಮಗೆ ಗೊತ್ತೇ ಇರಲಿಲ್ಲ" ಅನ್ನುವ ಹಾಗಿಲ್ಲ. ಎಲ್ಲರ ಕೈಗೂ ರಕ್ತ ಅಂಟಿಸಿದ. ಇಂಥದ್ದನ್ನು ನೋಡಿ ಎಚ್ಚರವಾಗಲು ರೋಗದ ಹೆಸರು ಬೇಕಾಗಿಲ್ಲ.

ನಾಯಕ ಅಂದಮೇಲೆ ಸ್ವಲ್ಪ ಗಟ್ಟಿ ಎದೆ, ಸ್ವಲ್ಪ ನಿರ್ದಯ ಬೇಕಲ್ವಾ?

ಇದು ಒಳ್ಳೆಯ ಪ್ರಶ್ನೆ. 2012ರಲ್ಲಿ ಸ್ಕಾಟ್ ಲಿಲಿಯನ್‌ಫೆಲ್ಡ್ ಮತ್ತು ಸಂಗಡಿಗರು ಜಾರ್ಜ್ ಡಬ್ಲ್ಯು ಬುಷ್‌ವರೆಗಿನ 42 ಅಮೆರಿಕದ ಅಧ್ಯಕ್ಷರನ್ನು ಅಧ್ಯಯನ ಮಾಡಿದರು. ಆ ಅಧ್ಯಕ್ಷರ ಜೀವನವನ್ನು ಆಳವಾಗಿ ಬಲ್ಲ 121 ತಜ್ಞರಿಂದ ಅಂಕ ಹಾಕಿಸಿದರು. ಸೈಕೋಪತಿಗೆ ಸೇರಿದ ಗುಣಗಳನ್ನು ಎರಡಾಗಿ ಬಿಡಿಸಿ ನೋಡಿದರು. ಒಂದು, ಅಂಜಿಕೆ ಇಲ್ಲದ, ಎಲ್ಲರನ್ನೂ ಸೆಳೆಯುವ, ಒತ್ತಡದಲ್ಲೂ ಶಾಂತವಾಗಿರುವ ಗುಣ. ಇದರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಎಲ್ಲರಿಗಿಂತ ಮುಂದೆ. ಈ ಗುಣ ಜಾಸ್ತಿ ಇದ್ದವರ ಆಡಳಿತಕ್ಕೆ ಇತಿಹಾಸಕಾರರು ಒಳ್ಳೆಯ ಅಂಕ ಕೊಟ್ಟಿದ್ದರು. ಇನ್ನೊಂದು, ತಡೆ ಇಲ್ಲದ, ನಿಯಮ ಮುರಿಯುವ, ಹೊಣೆ ಹೊರದ ಗುಣ. ಇದಕ್ಕೂ ಒಳ್ಳೆಯ ಆಡಳಿತಕ್ಕೂ ಸಂಬಂಧ ಕಾಣಲಿಲ್ಲ. ಕೆಳಗಿನವರ ಅನೈತಿಕತೆ ಸಹಿಸುವುದು, ಮಹಾಭಿಯೋಗದ (ಹುದ್ದೆಯಿಂದ ತೆಗೆಯಲು ಸಂಸತ್ತು ಹೂಡುವ ವಿಚಾರಣೆ) ನಿರ್ಣಯ ಎದುರಿಸುವುದು, ಇಂಥವುಗಳ ಜೊತೆ ಇದು ತಳಕು ಹಾಕಿಕೊಂಡಿತ್ತು.

ನಾವು ಮತದಾರರು ಎಡವುವುದು ಇಲ್ಲೇ. ಮೊದಲನೆಯದನ್ನು ನೋಡಿ ಮೆಚ್ಚುತ್ತೇವೆ, ಎರಡನೆಯದನ್ನೂ ಅದೇ ಲೆಕ್ಕಕ್ಕೆ ಸೇರಿಸಿಬಿಡುತ್ತೇವೆ. ಪ್ರವಾಹ ಬಂದಾಗ ನೀರಿಗಿಳಿಯುವ ಧೈರ್ಯವೂ, ಪ್ರಶ್ನೆ ಕೇಳಿದ ಪತ್ರಕರ್ತನ ಕಾಲರ್ ಹಿಡಿಯುವುದೂ ಎರಡೂ "ಡೇರ್" ಅನ್ನಿಸಿಕೊಳ್ಳುತ್ತವೆ. ಎರಡಕ್ಕೂ ಅಜಗಜಾಂತರ ಇದೆ.

ಅಧಿಕಾರ ಸಿಕ್ಕ ಮೇಲೆ ಹೀಗಾಗ್ತಾರಾ, ಮೊದಲೇ ಹೀಗಿರ್ತಾರಾ?

ಎರಡೂ ಉಂಟು. ಸಮಾಜವಿರೋಧಿ ಸ್ವಭಾವ ಚಿಕ್ಕಂದಿನಿಂದ ಬರುತ್ತದೆ. ಆದರೆ ಅಧಿಕಾರವೇ ತರುವ ಒಂದು ಬದಲಾವಣೆಯೂ ಇದೆ ಅನ್ನುತ್ತಾರೆ ಡೇವಿಡ್ ಓವನ್. ಅವರು ನರರೋಗದ ವೈದ್ಯರಾಗಿದ್ದವರು, 1977ರಿಂದ 79ರವರೆಗೆ ಬ್ರಿಟನ್ನಿನ ವಿದೇಶಾಂಗ ಕಾರ್ಯದರ್ಶಿ. ಹಾಗಾಗಿ ಎರಡೂ ಲೋಕವನ್ನು ಒಳಗಿನಿಂದ ಕಂಡವರು. 2009ರಲ್ಲಿ ಜೊನಾಥನ್ ಡೇವಿಡ್‌ಸನ್ ಜೊತೆ ಸೇರಿ ಇದಕ್ಕೆ 'ಹ್ಯೂಬ್ರಿಸ್ ಸಿಂಡ್ರೋಮ್', ಅಂದರೆ ಅಹಂಕಾರದ ಅಮಲು ಅಂತ ಹೆಸರಿಟ್ಟು 14 ಲಕ್ಷಣ ಪಟ್ಟಿ ಮಾಡಿದರು. ತಾನೇ ದೇಶ ಅಂದುಕೊಳ್ಳುವುದು, ಬೇರೆಯವರ ಸಲಹೆ ಕಂಡರೆ ತಾತ್ಸಾರ, ಸಹೋದ್ಯೋಗಿಗಳಿಗೆ ಲೆಕ್ಕ ಕೊಡಬೇಕಾಗಿಲ್ಲ, ಇತಿಹಾಸಕ್ಕೋ ದೇವರಿಗೋ ಮಾತ್ರ ಅನ್ನುವ ನಂಬಿಕೆ, ಹೀಗೆ. ಅವರ ಪ್ರಕಾರ ಇದು ಕುರ್ಚಿ ಜೊತೆ ಬಂದು, ಕುರ್ಚಿ ಹೋದ ಮೇಲೆ ಸಾಮಾನ್ಯವಾಗಿ ಇಳಿಯುತ್ತದೆ. ಇದು ವೈದ್ಯರ ಕೈಪಿಡಿಯಲ್ಲಿ ಸೇರಿರುವ ಕಾಯಿಲೆ ಅಲ್ಲ, ಓವನ್ ಅವರ ಪ್ರಸ್ತಾಪ. ಆದರೂ ಅಧಿಕಾರದ ಅವಧಿಗೆ ಮಿತಿ ಯಾಕೆ ಬೇಕು ಅನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ವಾದ ಸಿಕ್ಕಿಲ್ಲ.

ಸುತ್ತಲಿನವರಿಗೆ ಮೊದಲೇ ಗೊತ್ತಾಗಲ್ವಾ?

ಎಷ್ಟೋ ಸಲ ಗೊತ್ತಾಗುತ್ತದೆ. ಗೊತ್ತಾದ ಮೇಲೆ ಏನು ಮಾಡುತ್ತಾರೆ ಅನ್ನುವುದೇ ಕಥೆ. ಸ್ಟಾಲಿನ್‌ನದು ಇದಕ್ಕೆ ನನ್ನ ಮನಸ್ಸಿನಲ್ಲಿ ಸದಾ ಇರುವ ಉದಾಹರಣೆ.

1922ರ ಏಪ್ರಿಲ್‌ನಲ್ಲಿ ಸ್ಟಾಲಿನ್ ಸೋವಿಯತ್ ಪಕ್ಷದ ಪ್ರಧಾನ ಕಾರ್ಯದರ್ಶಿ ಆದ. ಆಗ ಅದು ಕಡತ, ನೇಮಕ, ವರ್ಗಾವಣೆ ನೋಡಿಕೊಳ್ಳುವ ಹುದ್ದೆ. ಆ ವರ್ಷದ ಕೊನೆಗೆ ಸೋವಿಯತ್ ನಾಯಕ ಲೆನಿನ್ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದಿದ್ದರು. ಹೇಳಿ ಬರೆಸುತ್ತಿದ್ದರು. 1923ರ ಜನವರಿ 4ರಂದು ತಮ್ಮ ಟಿಪ್ಪಣಿಗೆ ಇನ್ನೊಂದು ಮಾತು ಸೇರಿಸಿದರು. ಸ್ಟಾಲಿನ್ ತುಂಬಾ ಒರಟ, ನಮ್ಮ ನಮ್ಮ ನಡುವೆ ಇದನ್ನು ಸಹಿಸಬಹುದು, ಆದರೆ ಪ್ರಧಾನ ಕಾರ್ಯದರ್ಶಿಯಲ್ಲಿ ಸಹಿಸಲಾಗದು, ಅವನನ್ನು ಆ ಜಾಗದಿಂದ ತೆಗೆಯುವ ದಾರಿ ಯೋಚಿಸಿ, ಹೆಚ್ಚು ತಾಳ್ಮೆ, ಹೆಚ್ಚು ಸೌಜನ್ಯ ಇರುವವರನ್ನು ನೇಮಿಸಿ ಅಂತ. ಇದು ಸಣ್ಣ ವಿಷಯ ಅನ್ನಿಸಬಹುದು, ಆದರೆ ಮುಂದೆ ದೊಡ್ಡದಾಗಬಹುದು ಅಂತಲೂ ಎಚ್ಚರಿಸಿದರು.

1924ರ ಜನವರಿಯಲ್ಲಿ ಲೆನಿನ್ ತೀರಿಕೊಂಡರು. ಮೇ ತಿಂಗಳಲ್ಲಿ ಪಕ್ಷದ ಮಹಾಧಿವೇಶನ. ಲೆನಿನ್ ಪತ್ನಿ ಕ್ರುಪ್ಸ್‌ಕಾಯಾ ಆ ಪತ್ರವನ್ನು ಮುಖಂಡರ ಕೈಗೆ ಕೊಟ್ಟರು. ಅಂದರೆ ಎಚ್ಚರಿಕೆ ಗುಟ್ಟಾಗಿರಲಿಲ್ಲ. ತೀರ್ಮಾನ ಮಾಡಬೇಕಾದವರೆಲ್ಲರಿಗೂ ಗೊತ್ತಿತ್ತು. ಆದರೆ ಜಿನೊವಿಯೆವ್ ಮತ್ತು ಕಾಮೆನೆವ್ ಎಂಬ ಇಬ್ಬರು ದೊಡ್ಡ ನಾಯಕರು ಸ್ಟಾಲಿನ್ ಉಳಿಯಲಿ ಅಂದರು. ಅವರಿಗೆ ಆಗ ಪಕ್ಷದೊಳಗಿನ ತಮ್ಮ ಪೈಪೋಟಿಗಾರ ಟ್ರಾಟ್‌ಸ್ಕಿ ಭಯ. ಟ್ರಾಟ್‌ಸ್ಕಿಯನ್ನು ಹಿಂದೆ ತಳ್ಳಲು ಈ ಒರಟ ಬೇಕಾಗಿದ್ದ. ಪತ್ರವನ್ನು ಪ್ರಕಟಿಸಲಿಲ್ಲ. ನಿಯೋಗಗಳ ಮುಂದೆ ಓದಿ ಮುಚ್ಚಿಟ್ಟರು.

ಮೂರು ವರ್ಷ ಕಳೆದು 1927ರಲ್ಲಿ ಸ್ಟಾಲಿನ್ ಅದೇ ದೋಷವನ್ನು ಹೆಮ್ಮೆಯಾಗಿ ತಿರುಗಿಸಿದ. ಹೌದು, ನಾನು ಒರಟ, ಪಕ್ಷವನ್ನು ಒಡೆಯುವ ದ್ರೋಹಿಗಳ ವಿಷಯದಲ್ಲಿ ಒರಟ ಅಂತ ವೇದಿಕೆ ಮೇಲೆಯೇ ಹೇಳಿದ. 1936ರ ಆಗಸ್ಟ್ 25ರಂದು ಜಿನೊವಿಯೆವ್ ಮತ್ತು ಕಾಮೆನೆವ್ ಇಬ್ಬರನ್ನೂ ಗುಂಡಿಕ್ಕಿ ಕೊಂದರು. 1937 ಮತ್ತು 38, ಈ ಎರಡೇ ವರ್ಷದಲ್ಲಿ ಸೋವಿಯತ್ ದಾಖಲೆಗಳ ಪ್ರಕಾರ ಗುಂಡಿಗೆ ಬಲಿಯಾದವರು 6,81,692 ಮಂದಿ. ಹೆಸರುಗಳ 383 ಪಟ್ಟಿಗಳು ಒಪ್ಪಿಗೆಗೆ ಸ್ಟಾಲಿನ್ ಮುಂದೆ ಹೋಗಿದ್ದವು ಅಂತ 1956ರಲ್ಲಿ, ಸ್ಟಾಲಿನ್ ನಂತರ ಬಂದ ಸೋವಿಯತ್ ನಾಯಕ ಕ್ರುಶ್ಚೇವ್ ಹೇಳಿದರು. ಬಣ್ಣದ ಪೆನ್ಸಿಲಿನಲ್ಲಿ ಒಂದು ಪದ, ಒಂದು ಸಹಿ. ಅಷ್ಟೇ.

ಸ್ಟಾಲಿನ್ ಸೈಕೋಪಾತ್ ಆಗಿದ್ದನಾ? ಅವನನ್ನು ಯಾರೂ ಕೂರಿಸಿ ಪರೀಕ್ಷೆ ಮಾಡಿಲ್ಲ. ಮಗಳು ಸ್ವೆಟ್ಲಾನಾಗೆ ಬರೆದ ಪತ್ರಗಳಲ್ಲಿ ಪ್ರೀತಿ ಇದೆ. ನನಗೆ ಆ ಪ್ರಶ್ನೆ ಅಷ್ಟು ಮುಖ್ಯ ಅನ್ನಿಸುವುದಿಲ್ಲ. 1924ರ ಆ ಕೋಣೆಯಲ್ಲಿ ಕೂತಿದ್ದವರಿಗೆ ಗೊತ್ತಿತ್ತು, ಗೊತ್ತಿದ್ದೂ "ನಮಗೆ ಈಗ ಉಪಯೋಗಕ್ಕೆ ಬರ್ತಾನೆ" ಅಂದುಕೊಂಡರು. ನಮ್ಮ ಕಾಲದ ಪಕ್ಷಗಳಲ್ಲಿ ಟಿಕೆಟ್ ಹಂಚುವಾಗಲೂ ಇದೇ ಮಾತು ಕೇಳಿಬರುವುದಿಲ್ವಾ?

ಒಬ್ಬ ವ್ಯಕ್ತಿಯ ಸ್ವಭಾವದಿಂದಲೇ ಇಷ್ಟೆಲ್ಲ ಆಗುತ್ತಾ?

ಇಲ್ಲ. ಎರಡನೇ ಮಹಾಯುದ್ಧ ಮುಗಿದ ಮೇಲೆ ನ್ಯೂರೆಂಬರ್ಗ್‌ನಲ್ಲಿ ನಾಜಿ ನಾಯಕರ ವಿಚಾರಣೆ ನಡೆಯಿತು. ಡಗ್ಲಸ್ ಕೆಲ್ಲಿ ಎಂಬ ಮನೋವೈದ್ಯ ಮತ್ತು ಗುಸ್ತಾವ್ ಗಿಲ್ಬರ್ಟ್ ಎಂಬ ಮನಶ್ಶಾಸ್ತ್ರಜ್ಞ ಆ ಕೈದಿಗಳ ಜೊತೆ ಜೈಲಿನಲ್ಲೇ ಮಾತಾಡಿ ಪರೀಕ್ಷೆ ಮಾಡಿದರು. ಒಂದೇ ಕೈದಿಗಳನ್ನು ನೋಡಿ ಇಬ್ಬರೂ ಬೇರೆ ಬೇರೆ ತೀರ್ಮಾನಕ್ಕೆ ಬಂದರು. ಹಿಟ್ಲರನ ಬಲಗೈ ಆಗಿದ್ದ ಗೋರಿಂಗ್‌ನಂಥವರಲ್ಲಿ ಗಿಲ್ಬರ್ಟ್‌ಗೆ ಸೈಕೋಪತಿ ಕಂಡಿತು. ಇಂಥವರು ಯಾವ ದೇಶದಲ್ಲಿ ಬೇಕಾದರೂ ಸಿಗುತ್ತಾರೆ ಅಂತ ಕೆಲ್ಲಿ ಹೇಳಿದರು. ಎದುರಿಗೆ ಕೂರಿಸಿಕೊಂಡು ಪರೀಕ್ಷೆ ಮಾಡಿದವರಲ್ಲೇ ಒಮ್ಮತ ಇಲ್ಲ ಅಂದಮೇಲೆ ನಾವು ಟಿವಿ ನೋಡಿ ಹೇಳುವುದು ಎಷ್ಟರ ಮಾತು!

ನಮ್ಮದೇ ತುರ್ತು ಪರಿಸ್ಥಿತಿಯ ಕಾಲ ತಗೊಳ್ಳಿ. 1976ರಲ್ಲಿ ನಟಿ, ಹೋರಾಟಗಾರ್ತಿ ಸ್ನೇಹಲತಾ ರೆಡ್ಡಿ ಅವರನ್ನು ಬಂಧಿಸಿ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ ಇಟ್ಟರು. ಈಗ ಫ್ರೀಡಂ ಪಾರ್ಕ್ ಇದೆಯಲ್ಲ, ಅದೇ ಜಾಗ. ಅವರಿಗೆ ತೀವ್ರ ಆಸ್ತಮಾ. ಉಸಿರಾಟದ ಕಷ್ಟದಲ್ಲೇ ತಿಂಗಳುಗಟ್ಟಲೆ ಅಲ್ಲೇ ಕಳೆದರು. 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಗೆ ಬಿಟ್ಟ ಕೆಲವೇ ದಿನದಲ್ಲಿ, 20ರಂದು ತೀರಿಕೊಂಡರು. ಆ ಜೈಲುವಾಸಕ್ಕೆ ದೆಹಲಿಯ ಒಬ್ಬರ ಹಠ ಮಾತ್ರ ಸಾಕಾಗುತ್ತಿರಲಿಲ್ಲ. ಬಂಧನದ ಆದೇಶಕ್ಕೆ ಸಹಿ ಬೇಕು, ಅದನ್ನು ಮುಂದುವರಿಸಲು ಇನ್ನೊಂದು ಸಹಿ ಬೇಕು, ಕಾಯಿಲೆಯ ವರದಿ ಬಂದಾಗ ಕಡತ ಪಕ್ಕಕ್ಕಿಡುವ ಕೈ ಬೇಕು. ಅವರೆಲ್ಲ ಸಂಜೆ ಮನೆಗೆ ಹೋಗಿ ಮಕ್ಕಳಿಗೆ ಪಾಠ ಹೇಳಿಕೊಡುವ ಮಾಮೂಲಿ ಜನ.

ಇಂಥವರಿಗೆ ಜನ ವೋಟು ಯಾಕೆ ಹಾಕ್ತಾರೆ?

ಜನ ದಡ್ಡರು ಅನ್ನುವ ಉತ್ತರವನ್ನು ನಾನು ಒಪ್ಪುವುದಿಲ್ಲ. ಲೈಬೀರಿಯಾದ 1997ರ ಚುನಾವಣೆ ನೋಡಿ. ಚಾರ್ಲ್ಸ್ ಟೇಲರ್ ಏಳು ವರ್ಷದ ಅಂತರ್ಯುದ್ಧದ ಸೇನಾ ನಾಯಕ. ಬಾಲಕರ ಕೈಗೆ ಬಂದೂಕು ಕೊಟ್ಟವನು. ಅವನ ಪರ ಬೀದಿಯಲ್ಲಿ ಯುವಕರು ಕೂಗುತ್ತಿದ್ದ ಘೋಷಣೆ: "ನನ್ನ ಅಮ್ಮನನ್ನು ಕೊಂದ, ನನ್ನ ಅಪ್ಪನನ್ನು ಕೊಂದ, ಆದರೂ ಅವನಿಗೇ ನನ್ನ ವೋಟು." ಸುಮಾರು 75% ಮತ ಪಡೆದು ಗೆದ್ದ. ಸೋತರೆ ಮತ್ತೆ ಯುದ್ಧ ಶುರು ಮಾಡುತ್ತಾನೆ ಅನ್ನುವುದು ಜನರ ಲೆಕ್ಕ. ಶಾಂತಿ ಕೊಂಡುಕೊಳ್ಳಲು ಅವರ ಹತ್ತಿರ ಇದ್ದದ್ದು ಆ ಒಂದು ವೋಟು ಮಾತ್ರ. ಆ ಶಾಂತಿ ಬಹಳ ಕಾಲ ಉಳಿಯಲಿಲ್ಲ. 2003ರಲ್ಲಿ ಟೇಲರ್ ರಾಜೀನಾಮೆ ಕೊಟ್ಟು ದೇಶ ಬಿಟ್ಟ. ನೆರೆಯ ಸಿಯೆರಾ ಲಿಯೋನ್‌ನಲ್ಲಿ ನಡೆದ ಯುದ್ಧಾಪರಾಧಗಳಿಗೆ ನೆರವಾಗಿದ್ದಕ್ಕೆ 2012ರಲ್ಲಿ 50 ವರ್ಷ ಶಿಕ್ಷೆ ಆಯಿತು.

ನಮ್ಮಲ್ಲಿ ಕಾರಣ ಬೇರೆ, ಆದರೆ ಲೆಕ್ಕ ಅದೇ ತರಹದ್ದು. ಠಾಣೆಯಲ್ಲಿ ದೂರು ತಗೊಳ್ಳಲ್ಲ, ಕಂದಾಯ ಕಚೇರಿಯಲ್ಲಿ ಕೆಲಸ ಆಗಲ್ಲ, ಕೋರ್ಟಿಗೆ ಹೋದರೆ ಚಪ್ಪಲಿ ಸವೆಯುತ್ತದೆ. ಆಗ "ಅವರು ರೌಡಿ ಇರಬಹುದು, ಆದರೆ ನಮ್ಮ ರೌಡಿ, ಒಂದು ಫೋನ್ ಮಾಡಿದರೆ ಕೆಲಸ ಆಗುತ್ತೆ" ಅನ್ನುವ ಮಾತು ಹುಟ್ಟುತ್ತದೆ. ಕಚೇರಿಗಳು ಸರಿಯಾಗಿ ಕೆಲಸ ಮಾಡಿದ ಕಡೆ ಈ ಮಾತಿಗೆ ಬೆಲೆ ಇರುವುದಿಲ್ಲ.

ಕ್ರಿಮಿನಲ್ ಕೇಸ್ ಇರುವ ರಾಜಕಾರಣಿಗಳೆಲ್ಲ ಸಮಾಜವಿರೋಧಿ ಸ್ವಭಾವದವರಾ?

ಖಂಡಿತ ಅಲ್ಲ. ಸಂಖ್ಯೆ ಗಾಬರಿ ಹುಟ್ಟಿಸುವ ಹಾಗಿದೆ, ನಿಜ. ಚುನಾವಣಾ ಸುಧಾರಣೆಗೆ ಕೆಲಸ ಮಾಡುವ ಎಡಿಆರ್ ಸಂಸ್ಥೆ ಅಭ್ಯರ್ಥಿಗಳ ಪ್ರಮಾಣಪತ್ರ ನೋಡಿ ಲೆಕ್ಕ ಹಾಕುತ್ತದೆ. 2009ರ ಲೋಕಸಭೆಗೆ ಗೆದ್ದವರಲ್ಲಿ 30% ಮಂದಿ ತಮ್ಮ ಮೇಲೆ ಕ್ರಿಮಿನಲ್ ಕೇಸ್ ಇದೆ ಅಂತ ಬರೆದಿದ್ದರು. 2014ರಲ್ಲಿ ಅದು 34%, 2019ರಲ್ಲಿ 43%. 2024ರಲ್ಲಿ 543 ಜನರಲ್ಲಿ 251 ಮಂದಿ, ಅಂದರೆ 46%. ಕರ್ನಾಟಕದ 2023ರ ವಿಧಾನಸಭೆಗೆ ಗೆದ್ದವರಲ್ಲೂ ಅರ್ಧಕ್ಕಿಂತ ಜಾಸ್ತಿ.

ಆದರೆ ಕೇಸ್ ಅಂದರೆ ಅಪರಾಧ ಸಾಬೀತು ಅಂತ ಅಲ್ಲ. ಕಾವೇರಿ ನೀರಿಗಾಗಿ ರಸ್ತೆ ತಡೆದವರ ಮೇಲೂ, ನಿಷೇಧಾಜ್ಞೆ ಮುರಿದು ಮೆರವಣಿಗೆ ಮಾಡಿದ ರೈತರ ಮೇಲೂ ಕೇಸ್ ಇರುತ್ತದೆ. ಎದುರಾಳಿಗಳು ಹಾಕಿಸಿದ ಸುಳ್ಳು ಕೇಸ್‌ಗಳೂ ಇರುತ್ತವೆ. ಇನ್ನೊಂದು ಕಡೆ, ಒಂದೇ ಒಂದು ಕೇಸ್ ಇಲ್ಲದೆ, ಬೆವರು ಸುರಿಸದೆ, ಸಾವಿರಾರು ಜನರ ಠೇವಣಿ ನುಂಗಿದವರೂ ಇದ್ದಾರೆ. ಆದ್ದರಿಂದ ಸಂಖ್ಯೆ ನೋಡಿ ನಿಲ್ಲಬೇಡಿ. ಯಾವ ಸೆಕ್ಷನ್, ಯಾರ ಮೇಲೆ ಏನು ಮಾಡಿದ ಆರೋಪ, ಆರೋಪಪಟ್ಟಿ ಆಗಿದೆಯಾ, ಇದನ್ನು ಓದಿ. ಹೆಣ್ಣುಮಕ್ಕಳ ಮೇಲಿನ ದೌರ್ಜನ್ಯದ ಆರೋಪವನ್ನೂ ಬಸ್ ತಡೆದ ಆರೋಪವನ್ನೂ ಒಂದೇ ತಕ್ಕಡಿಗೆ ಹಾಕಬಾರದು.

ಚುನಾವಣೆಗೆ ನಿಲ್ಲುವ ಮೊದಲು ಎಲ್ಲರಿಗೂ ಮಾನಸಿಕ ಪರೀಕ್ಷೆ ಕಡ್ಡಾಯ ಮಾಡಿದರೆ?

ಕೇಳಲು ಚೆನ್ನಾಗಿದೆ. ಪರೀಕ್ಷೆ ಮಾಡುವ ವೈದ್ಯರನ್ನು ನೇಮಿಸುವವರು ಯಾರು ಅಂತ ಯೋಚಿಸಿ. ಸೋವಿಯತ್ ಒಕ್ಕೂಟದಲ್ಲಿ ಇದು ಆಗಿಹೋಗಿದೆ. ಪ್ಯೋತ್ರ್ ಗ್ರಿಗೊರೆಂಕೊ ಸೈನ್ಯದ ಮೇಜರ್ ಜನರಲ್. ಸರ್ಕಾರವನ್ನು ಟೀಕಿಸಿದರು, ಊರಿನಿಂದ ಹೊರಹಾಕಲಾಗಿದ್ದ ಕ್ರಿಮಿಯನ್ ತಾತಾರರ ಪರ ನಿಂತರು. 1964ರಲ್ಲಿ ಒಮ್ಮೆ, 1969ರಲ್ಲಿ ಇನ್ನೊಮ್ಮೆ ವೈದ್ಯರು ಅವರಿಗೆ ಮಾನಸಿಕ ಕಾಯಿಲೆ ಇದೆ ಅಂತ ಬರೆದುಕೊಟ್ಟರು. ವರ್ಷಗಟ್ಟಲೆ ಮಾನಸಿಕ ಆಸ್ಪತ್ರೆಯಲ್ಲಿ ಕೂಡಿಹಾಕಿದರು. ಆಮೇಲೆ ಅವರು ಅಮೆರಿಕ ಸೇರಿದರು. 1979ರಲ್ಲಿ ಅಲ್ಲಿನ ಮನೋವೈದ್ಯರಿಂದ ತಾವಾಗಿಯೇ ಪರೀಕ್ಷೆ ಮಾಡಿಸಿಕೊಂಡರು. ಕಾಯಿಲೆಯ ಯಾವ ಗುರುತೂ ಸಿಗಲಿಲ್ಲ. ಇಂಥ ದುರುಪಯೋಗದ ಬಗ್ಗೆ ಟೀಕೆ ಜೋರಾಗಿ, 1983ರಲ್ಲಿ ಸೋವಿಯತ್ ಮನೋವೈದ್ಯರ ಸಂಘ ವಿಶ್ವ ಸಂಘಟನೆಯಿಂದಲೇ ಹೊರನಡೆಯಬೇಕಾಯಿತು.

ಗೋಲ್ಡ್‌ವಾಟರ್ ನಿಯಮದ ಪರ ನಾನಿರುವುದು ಇದಕ್ಕೇ. ನಾಯಕನ ಮೇಲೆ ಎಸೆಯಲು ನಾವು ಕೈಗೆತ್ತಿಕೊಂಡ ಕಲ್ಲನ್ನು ನಾಳೆ ನಾಯಕ ನಮ್ಮ ಮೇಲೆ ಎಸೆಯುತ್ತಾನೆ. ಅವನ ಗುರಿ ತಪ್ಪುವುದಿಲ್ಲ.

ಕೆಟ್ಟ ರಾಜಕಾರಣಿಯನ್ನು "ಸೈಕೋ", "ಹುಚ್ಚ" ಅಂತ ಬೈದರೆ ತಪ್ಪೇನು?

ತಪ್ಪಿದೆ. ಖಿನ್ನತೆ, ಸ್ಕಿಜೋಫ್ರೇನಿಯಾ ಇರುವ ಲಕ್ಷಾಂತರ ಜನ ಔಷಧಿ ತಗೊಂಡು, ಕೆಲಸ ಮಾಡಿಕೊಂಡು, ಯಾರಿಗೂ ತೊಂದರೆ ಕೊಡದೆ ಬದುಕುತ್ತಿದ್ದಾರೆ. ನಿಮ್ಹಾನ್ಸ್‌ಗೆ ಹೋಗಿ ಬಂದದ್ದನ್ನು ನೆಂಟರಿಗೆ ಹೇಳಲು ಇವತ್ತಿಗೂ ಹಿಂಜರಿಯುವ ಮನೆಗಳಿವೆ. ಕ್ರೂರಿಯನ್ನು ಹುಚ್ಚ ಅಂದಾಗ ಆ ಮನೆಗಳಿಗೆ ನೋವಾಗುತ್ತದೆ. ಕ್ರೂರಿಗೆ ಅದರಿಂದ ಲಾಭವೇ, ಯಾಕೆಂದರೆ ಹುಚ್ಚನ ಮೇಲೆ ಹೊಣೆ ಹೊರಿಸಲು ಆಗುವುದಿಲ್ಲ. ಸುಳ್ಳು ಹೇಳಿದರೆ ಸುಳ್ಳುಗಾರ ಅನ್ನಿ, ಲೂಟಿ ಮಾಡಿದರೆ ಲೂಟಿಕೋರ ಅನ್ನಿ.

ನಮ್ಮ ಸಂಘದಲ್ಲೋ ಪಂಚಾಯ್ತಿಯಲ್ಲೋ ಇಂಥವರಿದ್ದರೆ ಏನು ಮಾಡಬೇಕು?

ಸ್ವಭಾವ ತಿದ್ದಲು ಹೋಗಬೇಡಿ. ಪದ್ಧತಿ ತಿದ್ದಿ. ನಾನು ಸದಸ್ಯನಾಗಿದ್ದ ಒಂದು ಸಂಘದಲ್ಲಿ ಅಧ್ಯಕ್ಷರು ನಡಾವಳಿ ಪುಸ್ತಕವನ್ನು ಊಟದ ಹೊತ್ತಿಗೆ ಸರಿಯಾಗಿ ಸಹಿಗೆ ಕಳಿಸುತ್ತಿದ್ದರು. ಎದುರು ಮಾತಾಡಿದವರನ್ನು ಎಲ್ಲರ ಮುಂದೆ ಅವಮಾನ ಮಾಡುತ್ತಿದ್ದರು. ಒಂದು ಸಲ ನಿವೃತ್ತ ಶಿಕ್ಷಕಿಯೊಬ್ಬರು "ಓದಿ ಹಾಕ್ತೀನಿ, ನೀವು ಊಟ ಮಾಡಿ" ಅಂತ ಪುಸ್ತಕ ಮುಂದೆ ಇಟ್ಟುಕೊಂಡು ಕೂತರು. ಚರ್ಚೆಗೇ ಬಾರದ ಒಂದು ಖರೀದಿಯ ಠರಾವು ಅದರಲ್ಲಿತ್ತು. ಅವರು ಸಹಿ ಹಾಕಲಿಲ್ಲ. ಮುಂದಿನ ಸಭೆಯಿಂದ ಇನ್ನಿಬ್ಬರು ಓದಲು ಶುರು ಮಾಡಿದರು. ಆ ಅಧ್ಯಕ್ಷರ ಸ್ವಭಾವ ಬದಲಾಗಲಿಲ್ಲ. ಖರೀದಿ ಮಾತ್ರ ನಿಂತಿತು.

ಮತದಾರರಾಗಿ ನಾನು ಏನು ನೋಡಬೇಕು? ಎಲ್ಲಿ ಸಿಗುತ್ತದೆ?

2002 ಮತ್ತು 2003ರ ಸುಪ್ರೀಂ ಕೋರ್ಟ್ ತೀರ್ಪುಗಳಿಂದಾಗಿ ಪ್ರತಿ ಅಭ್ಯರ್ಥಿಯೂ ತನ್ನ ಮೇಲಿನ ಕೇಸು, ಆಸ್ತಿ, ಸಾಲ, ಓದು ಎಲ್ಲವನ್ನೂ ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಇದು ಫಾರ್ಮ್ 26. ಚುನಾವಣಾ ಆಯೋಗದ ಜಾಲತಾಣದಲ್ಲಿ ಸಿಗುತ್ತದೆ. ಸುಳ್ಳು ಬರೆದರೆ ಆರು ತಿಂಗಳವರೆಗೆ ಜೈಲು ಆಗಬಹುದು. ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆ ಆದರೆ ಸ್ಥಾನ ತಕ್ಷಣ ಹೋಗುತ್ತದೆ. ಇದು 2013ರ ಲಿಲಿ ಥಾಮಸ್ ತೀರ್ಪು.

ನಾನು ಹೆಚ್ಚು ಜನ ಓದಲಿ ಅಂತ ಬಯಸುವುದು ಇನ್ನೊಂದು ಕಾಗದವನ್ನು. ಕೇಸ್ ಇರುವವರಿಗೆ ಟಿಕೆಟ್ ಯಾಕೆ ಕೊಟ್ಟಿರಿ, ಕೇಸ್ ಇಲ್ಲದವರು ಯಾಕೆ ಸಿಗಲಿಲ್ಲ ಅಂತ ಪಕ್ಷಗಳು ಕಾರಣ ಬರೆದು ಪ್ರಕಟಿಸಬೇಕು ಅಂತ 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. "ಗೆಲ್ಲುತ್ತಾರೆ" ಅನ್ನುವುದು ಮಾತ್ರವೇ ಕಾರಣ ಆಗಬಾರದು ಅಂತಲೂ ಹೇಳಿತು. ಈ ಕಾರಣ ಬರೆಯುವ ನಮೂನೆಗೆ ಸಿ-7 ಅನ್ನುತ್ತಾರೆ. ಪಕ್ಷದ ಜಾಲತಾಣದಲ್ಲಿ, ಪತ್ರಿಕೆಯಲ್ಲಿ, ಸಾಮಾಜಿಕ ಜಾಲತಾಣದಲ್ಲಿ ಅದು ಬರಬೇಕು. ನಿಮ್ಮ ಕ್ಷೇತ್ರದ್ದನ್ನು ಹುಡುಕಿ ಓದಿ. ಇಡೀ ರಾಜ್ಯಕ್ಕೆ ಒಂದೇ ಸಾಲು ನಕಲು ಮಾಡಿ ಹಾಕಿದ್ದಾರಾ ನೋಡಿ. ಮನೆ ಮುಂದೆ ಪ್ರಚಾರಕ್ಕೆ ಬಂದವರ ಕೈಗೆ ಅದನ್ನೇ ಕೊಟ್ಟು, ಇಲ್ಲಿ ಬರೆದಿರುವ ಕಾರಣವನ್ನು ನಮಗೆ ಓದಿ ಹೇಳಿ ಅಂತ ಕೇಳಿ.